ಪುಟ್ಟ ಮಕ್ಕಳಿಗೆ ಮನೆಯಲ್ಲೇ ಪಿಯಾನೊ: ಯಾವ ವಾದ್ಯ, ಯಾವ ಕ್ರಮ, ಪಕ್ಕದಲ್ಲಿ ಯಾರು?

ಮೂರು, ನಾಲ್ಕು, ಐದು ವರ್ಷದ ಮಗುವಿಗೆ ಪಿಯಾನೊ ಕಲಿಸೋಣ ಅಂತ ಮನಸ್ಸು ಮಾಡಿದ ಕೂಡಲೇ ಹೆಚ್ಚಿನವರು ಹುಡುಕಲು ಹೊರಡುವುದು ವಾದ್ಯವನ್ನು. ಎಷ್ಟು ಕೀ ಇರಬೇಕು, ಯಾವ ಕಂಪನಿಯದ್ದು ಒಳ್ಳೆಯದು, ನಿಜವಾದ ಪಿಯಾನೊನೇ ಬೇಕಾ? ಇವು ಬೇಕಾದ ಪ್ರಶ್ನೆಗಳೇ. ಆದರೆ ವಾದ್ಯದಷ್ಟೇ ದೊಡ್ಡ ಆಯ್ಕೆಗಳು ಇನ್ನೂ ಇವೆ. ಯಾವ ಕ್ರಮದಲ್ಲಿ ಕಲಿಸುವುದು? ಮಗುವಿನ ಪಕ್ಕ ಕೂರುವವರು ಯಾರು? ದಿನಕ್ಕೆ ಎಷ್ಟು ಹೊತ್ತು? ಒಂದೊಂದಕ್ಕೂ ಹಲವು ದಾರಿಗಳಿವೆ, ಒಂದೊಂದು ದಾರಿಗೂ ಅದನ್ನೇ ಹೊಗಳುವವರಿದ್ದಾರೆ.

ನಾನು ಇವೆಲ್ಲವನ್ನೂ ಅಳೆಯುವುದು ಒಂದೇ ಮಾತಿನಿಂದ: ಈ ವಯಸ್ಸಿನಲ್ಲಿ ಕಿವಿ ಮೊದಲು, ಬೆರಳು ಆಮೇಲೆ, ಕಣ್ಣು ಕೊನೆಗೆ. ಮಗುವಿನ ಕಿವಿಗೆ ಕೆಲಸ ಕೊಡುವ ಆಯ್ಕೆ ಒಳ್ಳೆಯದು. ಕಿವಿಯನ್ನು ಪಕ್ಕಕ್ಕಿಟ್ಟು ಕಣ್ಣಿಗೋ ಬೆರಳಿಗೋ ಅವಸರ ಮಾಡುವಂಥದ್ದನ್ನು ಒಂದೆರಡು ವರ್ಷ ಮುಂದಕ್ಕೆ ಹಾಕಬಹುದು.

ಈ ವಯಸ್ಸಿಗೆ ಏನು ಸಾಧ್ಯ, ಏನು ಕಷ್ಟ

ಮೂರು ವರ್ಷದ ಮಗು ಕೇಳಿದ ಹಾಡನ್ನು ಹಾಡುತ್ತದೆ. ಶ್ರುತಿ ಅಲ್ಲಲ್ಲಿ ಜಾರಬಹುದು, ಆದರೆ ಎಲ್ಲಿ ಏರಬೇಕು ಎಲ್ಲಿ ಇಳಿಯಬೇಕು ಅನ್ನುವುದು ಗೊತ್ತಿರುತ್ತದೆ. ಗೊತ್ತಿರುವ ಹಾಡಿನಲ್ಲಿ ಬೇಕಂತಲೇ ಒಂದು ಸ್ವರ ತಪ್ಪು ನುಡಿಸಿ ನೋಡಿ, 'ಹಾಗಲ್ಲ' ಅಂತ ತಕ್ಷಣ ಹೇಳುತ್ತದೆ. ಕಿವಿ ಅಷ್ಟು ಮುಂದಿದೆ.

ಕೈ ಹಾಗಲ್ಲ. ಉಂಗುರಬೆರಳು ಒಂದನ್ನೇ ಎತ್ತು ಅಂದರೆ ಅಕ್ಕಪಕ್ಕದ ಬೆರಳುಗಳೂ ಜೊತೆಗೆ ಏಳುತ್ತವೆ. ಕೈಯ ಹಿಂಬದಿಯಲ್ಲಿ ಈ ಬೆರಳುಗಳ ಸ್ನಾಯುರಜ್ಜುಗಳು ಒಂದಕ್ಕೊಂದು ಸೇರಿಕೊಂಡಿರುವುದರಿಂದ ದೊಡ್ಡವರಿಗೂ ಇದು ಸುಲಭವಲ್ಲ. ಮಗು ತೋರುಬೆರಳಿನಿಂದ ಕೀ ಒತ್ತುವಾಗ ಹತ್ತಿರ ಬಗ್ಗಿ ನೋಡಿ. ತುದಿಯ ಗೆಣ್ಣು ಹಿಂದಕ್ಕೆ ಬಾಗುತ್ತದೆ. ಬೆರಳು ಕಮಾನಾಗಿ ನಿಲ್ಲುವ ಬದಲು ಒಳಕ್ಕೆ ಕುಸಿಯುತ್ತದೆ. ಅದನ್ನು ಸರಿದೂಗಿಸಲು ಮಣಿಕಟ್ಟು ಕೆಳಗಿಳಿಯುತ್ತದೆ, ಭುಜ ಕಿವಿಯ ಹತ್ತಿರ ಬರುತ್ತದೆ. ಇದು ಹಟವೂ ಅಲ್ಲ, ಸೋಮಾರಿತನವೂ ಅಲ್ಲ. ಕೀಲುಗಳು ಇನ್ನೂ ಸಡಿಲ, ಅಷ್ಟೇ. ನೂರು ಸಲ 'ಬೆರಳು ಬಾಗಿಸು' ಅಂದರೂ ಈ ತಿಂಗಳು ಆಗದ್ದು ಮುಂದಿನ ವರ್ಷ ತಾನಾಗಿ ಆಗುತ್ತದೆ.

ಇನ್ನು ಕಣ್ಣು. ನೊಟೇಷನ್, ಅಂದರೆ ಕಾಗದದ ಮೇಲೆ ಬರೆದ ಸ್ವರಲಿಪಿ, ಓದುವುದರಲ್ಲಿ ನಾವು ಗಮನಿಸದ ಒಂದು ತೊಡಕಿದೆ. ಕಾಗದದ ಮೇಲೆ ಎತ್ತರದ ಸ್ವರ ಮೇಲೆ ಇರುತ್ತದೆ, ಕೀಬೋರ್ಡ್ ಮೇಲೆ ಅದೇ ಸ್ವರ ಬಲಗಡೆ ಇರುತ್ತದೆ. ಅಂದರೆ ಮೇಲೆ-ಕೆಳಗೆ ಅನ್ನುವುದನ್ನು ಮಗು ಬಲ-ಎಡವಾಗಿ ತಿರುಗಿಸಿಕೊಳ್ಳಬೇಕು. ಯಾವುದು ಎಡ ಯಾವುದು ಬಲ ಅನ್ನುವುದೇ ಬಹಳಷ್ಟು ಮಕ್ಕಳಿಗೆ ಆರು ವರ್ಷದ ಹೊತ್ತಿಗೆ ಗಟ್ಟಿಯಾಗುತ್ತದೆ. ಅದಕ್ಕೂ ಮೊದಲೇ ಐದು ಗೆರೆ, ನಾಲ್ಕು ಸಂದು, ಎರಡು ಕ್ಲೆಫ್ (ಯಾವ ಗೆರೆ ಯಾವ ಸ್ವರ ಅಂತ ಹೇಳುವ ಗುರುತು) ಎಲ್ಲವನ್ನೂ ಮುಂದಿಟ್ಟರೆ ಮಗು ಸಂಗೀತ ಮಾಡುವುದನ್ನು ಬಿಟ್ಟು ಒಗಟು ಬಿಡಿಸುತ್ತಾ ಕೂರುತ್ತದೆ.

ವಾದ್ಯ: ಆಟಿಕೆ, 61 ಕೀ, ಡಿಜಿಟಲ್ ಪಿಯಾನೊ, ತಂತಿಯ ಪಿಯಾನೊ

ಆಟಿಕೆ ಕೀಬೋರ್ಡ್‌ಗಳಲ್ಲಿ ಸಾಮಾನ್ಯವಾಗಿ 25ರಿಂದ 37 ಪುಟ್ಟ ಕೀಗಳಿರುತ್ತವೆ. ಪುಟ್ಟ ಕೈಗೆ ಪುಟ್ಟ ಕೀ ಸರಿ ಅಲ್ವಾ ಅಂತ ಅನ್ನಿಸುವುದು ಸಹಜ. ಆದರೆ ಮಾಮೂಲಿ ಪಿಯಾನೊದಲ್ಲಿ ಒಂದು ಆಕ್ಟೇವ್, ಅಂದರೆ ಏಳು ಬಿಳಿ ಕೀಗಳ ಒಂದು ಸ್ಥಾಯಿಯ ಅಗಲ ಸುಮಾರು 165 ಮಿಲಿಮೀಟರ್. ಯಾವ ಪಿಯಾನೊ ಮುಂದೆ ಕೂತರೂ ಹೆಚ್ಚುಕಡಿಮೆ ಇದೇ ಅಳತೆ. ಬೆರಳು ಈ ದೂರವನ್ನು ನೋಡದೆಯೇ ನೆನಪಿಟ್ಟುಕೊಳ್ಳುತ್ತದೆ. ಮಿನಿ ಕೀಯಲ್ಲಿ ಕಲಿತರೆ ಆ ನೆನಪು ಬೇರೆ ಆಗುತ್ತದೆ. ಅದಕ್ಕಿಂತ ದೊಡ್ಡ ತೊಂದರೆ ಎಂದರೆ ಎಷ್ಟೋ ಆಟಿಕೆಗಳ ಶ್ರುತಿಯೇ ಸರಿ ಇರುವುದಿಲ್ಲ. ಎರಡು ವರ್ಷದ ಮಗು ಕುಟ್ಟಿ ಆಡಲಿ, ಬೇಡ ಅನ್ನುವುದಿಲ್ಲ. ಕಲಿಸಲು ಕೂರುವುದಾದರೆ ಅದು ಬೇಡ.

61 ಕೀಯ ಕೀಬೋರ್ಡ್ ಹೆಚ್ಚಿನ ಮನೆಗಳಿಗೆ ಸರಿಯಾದ ಮೊದಲ ಹೆಜ್ಜೆ ಅಂತ ನನ್ನ ಅಭಿಪ್ರಾಯ. ಐದು ಆಕ್ಟೇವ್ ಇರುತ್ತದೆ, ಶುರುವಿನ ಒಂದೆರಡು ವರ್ಷದ ಹಾಡುಗಳೆಲ್ಲ ಅದರೊಳಗೆ ಕೂರುತ್ತವೆ. ಶ್ರುತಿ ಹಾಳಾಗುವುದಿಲ್ಲ. ಹಗುರ. ತಗ್ಗಿನ ಮೇಜಿನ ಮೇಲಿಟ್ಟರೆ ಮಗು ತನ್ನ ಪುಟ್ಟ ಕುರ್ಚಿಯಲ್ಲೇ ಕಾಲು ನೆಲಕ್ಕೂರಿ ಕೂರಬಹುದು. ಈ ಕೊನೆಯ ಅನುಕೂಲ ದುಬಾರಿ ವಾದ್ಯಗಳಲ್ಲಿ ಸಿಗುವುದಿಲ್ಲ.

ಕೊಳ್ಳುವಾಗ ಎರಡು ವಿಷಯ ನೋಡಿಕೊಂಡರೆ ಸಾಕು. ಕೀ ಪೂರ್ತಿ ಅಳತೆಯದ್ದಾಗಿರಬೇಕು. ಮತ್ತೆ, ಟಚ್ ಸೆನ್ಸಿಟಿವ್ ಆಗಿರಬೇಕು, ಅಂದರೆ ಮೆಲ್ಲಗೆ ಒತ್ತಿದರೆ ಮೆಲ್ಲಗೆ, ಜೋರಾಗಿ ಒತ್ತಿದರೆ ಜೋರಾಗಿ ಕೇಳಬೇಕು. ಎರಡನೆಯದನ್ನು ಬಿಡಲೇಬೇಡಿ. ಪಿಯಾನೊಗಿಂತ ಹಳೆಯದಾದ, ಕೀ ಒತ್ತಿದರೆ ತಂತಿ ಮೀಟುವ ಹಾರ್ಪ್ಸಿಕಾರ್ಡ್‌ನಲ್ಲಿ ಹೇಗೆ ಒತ್ತಿದರೂ ಸದ್ದು ಹೆಚ್ಚುಕಡಿಮೆ ಒಂದೇ ಮಟ್ಟದ್ದು. 1700ರ ಸುಮಾರಿಗೆ ಇಟಲಿಯಲ್ಲಿ ಬಾರ್ತೊಲೊಮೆಯೊ ಕ್ರಿಸ್ತೋಫೊರಿ ತಂತಿಯನ್ನು ಮೀಟುವ ಬದಲು ಪುಟ್ಟ ಸುತ್ತಿಗೆಯಿಂದ ಹೊಡೆಯುವ ವಾದ್ಯ ಕಟ್ಟಿದ. ಬೆರಳು ಹೇಳಿದಷ್ಟು ಸದ್ದು ಬರತೊಡಗಿತು. ಪಿಯಾನೊ ಅಂದರೆ ಅದೇ. ಟಚ್ ಸೆನ್ಸಿಟಿವ್ ಅಲ್ಲದ ಕೀಬೋರ್ಡ್‌ನಲ್ಲಿ ಮಗುವಿಗೆ ಈ ಸಂಬಂಧವೇ ಗೊತ್ತಾಗುವುದಿಲ್ಲ. ತಾನು ಹೇಗೆ ಒತ್ತಿದರೂ ಒಂದೇ ಅಂದಮೇಲೆ ಕೇಳಿಸಿಕೊಳ್ಳುವುದು ಯಾಕೆ?

ಇದರ ಕೊರತೆಗಳೂ ಇವೆ. ಕೀಗಳ ಕೆಳಗೆ ಸ್ಪ್ರಿಂಗ್ ಇರುತ್ತದೆ, ತೂಕ ಇರುವುದಿಲ್ಲ. ಮುಂದೆ ಪಿಯಾನೊಗೆ ಹೋದಾಗ ಕೈಗೆ ಭಾರ ಅನ್ನಿಸುತ್ತದೆ. ಇನ್ನೊಂದು, ಬಟನ್‌ಗಳು. ನೂರಾರು ಸದ್ದು, ತಾನೇ ಬಾರಿಸುವ ರಿದಮ್, ಡೆಮೊ ಹಾಡು. ಮಗುವಿನ ಕೈ ಅಲ್ಲಿಗೇ ಹೋಗುತ್ತದೆ. ಬಟನ್‌ಗಳ ಮೇಲೆ ಒಂದು ದಪ್ಪ ರಟ್ಟು ಮುಚ್ಚಿ, ಪಿಯಾನೊ ಸದ್ದು ಮಾತ್ರ ಇಟ್ಟುಬಿಡಿ. ಕಲಿಯುವ ಹೊತ್ತಿಗೆ ರಟ್ಟು ಇರಲಿ, ಆಟದ ಹೊತ್ತಿಗೆ ತೆಗೆಯಲಿ.

88 ಕೀಯ ಡಿಜಿಟಲ್ ಪಿಯಾನೊದಲ್ಲಿ ಕೀಗಳಿಗೆ ತೂಕ ಇರುತ್ತದೆ. ಒಳ್ಳೆಯ ಮಾದರಿಗಳಲ್ಲಿ ಎಡಗಡೆಯ ಕೀ ಸ್ವಲ್ಪ ಭಾರ, ಬಲಗಡೆಯದ್ದು ಸ್ವಲ್ಪ ಹಗುರ, ತಂತಿಯ ಪಿಯಾನೊ ಇರುವ ಹಾಗೆಯೇ. ನಾಲ್ಕು ವರ್ಷದ ಬೆರಳಿಗೆ ಇದು ಜಾಸ್ತಿ ಭಾರವಾಗುತ್ತದಾ ಅಂತ ಕೇಳುವವರಿದ್ದಾರೆ. ಪಿಯಾನೊದ ಕೀ ಕೆಳಗಿಳಿಯಲು ಬೇಕಾಗುವುದು ಸುಮಾರು 50 ಗ್ರಾಂ ತೂಕ. ಮಗು ಬೆರಳಿನ ಬಲದಿಂದ ಒತ್ತದೆ, ತೋಳಿನ ಭಾರವನ್ನು ಮೆಲ್ಲಗೆ ಬಿಟ್ಟರೆ ಕೀ ತಾನಾಗಿ ಇಳಿಯುತ್ತದೆ. ಹಾಗೆ ಬಿಡಲು ಕಲಿಯುವುದೇ ಒಳ್ಳೆಯ ಪಾಠ. ಮನೆಯಲ್ಲಿ ದೊಡ್ಡವರೂ ನುಡಿಸುವವರಿದ್ದರೆ, ಅಥವಾ ನಾಲ್ಕೈದು ವರ್ಷ ಬಿಡದೆ ಕಲಿಸುವ ಯೋಚನೆ ಇದ್ದರೆ ನೇರವಾಗಿ ಇದನ್ನೇ ತೆಗೆದುಕೊಳ್ಳಿ. ಹೆಡ್‌ಫೋನ್ ಹಾಕಿ ನುಡಿಸಬಹುದು ಅನ್ನುವುದು ಇದರ ದೊಡ್ಡ ಅನುಕೂಲ ಅಂತ ಹೇಳುತ್ತಾರೆ. ಪುಟ್ಟ ಮಕ್ಕಳ ಮಟ್ಟಿಗೆ ಅದು ಅನುಕೂಲವಲ್ಲ. ಸದ್ದು ಎಷ್ಟು ಜೋರಾಗಿದೆ ಅಂತ ನಿಮಗೆ ಗೊತ್ತಾಗುವುದಿಲ್ಲ, ಮಗು ಏನು ನುಡಿಸುತ್ತಿದೆ ಅನ್ನುವುದೂ ಕೇಳುವುದಿಲ್ಲ.

ತಂತಿಯ ಪಿಯಾನೊದ ಸದ್ದಿಗೆ ಸಾಟಿ ಇಲ್ಲ. ಮೇಲಿನ ಮುಚ್ಚಳ ತೆಗೆದು ಮಗುವನ್ನು ಎತ್ತಿ ತೋರಿಸಿ. ಒಂದು ಕೀ ಒತ್ತಿದರೆ ಫೆಲ್ಟ್ ಸುತ್ತಿದ ಸುತ್ತಿಗೆ ಹಾರಿ ತಂತಿಗೆ ತಾಗಿ ವಾಪಸ್ ಬೀಳುತ್ತದೆ. ಕೀ ಬಿಟ್ಟ ಕೂಡಲೇ ಡ್ಯಾಂಪರ್ ಬಂದು ತಂತಿಯನ್ನು ಸುಮ್ಮನಾಗಿಸುತ್ತದೆ. ಇದನ್ನು ಒಮ್ಮೆ ನೋಡಿದ ಮಗುವಿಗೆ 'ಕೀ ಬಿಡಬೇಡ, ಹಿಡಿದುಕೋ' ಅನ್ನುವ ಮಾತಿನ ಅರ್ಥ ಬೇರೆ ಹೇಳಬೇಕಿಲ್ಲ. ಆದರೆ ಅಪ್‌ರೈಟ್ ಪಿಯಾನೊ (ತಂತಿಗಳು ನೆಟ್ಟಗೆ ನಿಂತಿರುವ, ಗೋಡೆ ಪಕ್ಕ ಇಡುವಂಥದ್ದು) ಅಂದರೆ ಸುಮಾರು 200 ಕಿಲೊ ಭಾರ, ಒಳಗೆ 200ಕ್ಕಿಂತ ಹೆಚ್ಚು ತಂತಿ. ವರ್ಷಕ್ಕೆ ಒಂದೆರಡು ಸಲ ಟ್ಯೂನ್ ಮಾಡಿಸಲೇಬೇಕು, ಹವೆಯ ತೇವ ಏರಿಳಿದರೆ ಶ್ರುತಿಯೂ ಏರಿಳಿಯುತ್ತದೆ. ಬಹಳ ವರ್ಷ ಟ್ಯೂನ್ ಕಾಣದೆ ಕೂತ ಹಳೆಯ ಪಿಯಾನೊ ಸುಮ್ನೆ ಸಿಗುತ್ತದೆ ಅಂತ ತಂದರೆ ಮಗುವಿನ ಕಿವಿಗೆ ಅದೇ ತಪ್ಪು ಶ್ರುತಿ ಕೂರುತ್ತದೆ. ತರುವ ಮೊದಲು ಫೋನಿನ ಟ್ಯೂನರ್ ಆ್ಯಪ್ ಹಿಡಿದು ಮಿಡಲ್ ಸಿ (ಕೀಬೋರ್ಡ್ ನಡುವಿನ ಎರಡು ಕಪ್ಪು ಕೀಗಳ ಗುಂಪಿಗೆ ಎಡಕ್ಕೆ ತಾಗಿಕೊಂಡ ಬಿಳಿ ಕೀ; ಅಲ್ಲಿಂದ ಬಲಕ್ಕೆ ಬಿಳಿ ಕೀಗಳ ಹೆಸರು ಸಿ, ಡಿ, ಇ, ಎಫ್, ಜಿ, ಎ, ಬಿ) ಮೇಲಿನ ಎ ನುಡಿಸಿ ನೋಡಿ, 440 ಹರ್ಟ್ಸ್ ಹತ್ತಿರ ಇರಬೇಕು. ತುಂಬಾ ಕೆಳಗಿದ್ದರೆ ಒಳ್ಳೆಯ ಡಿಜಿಟಲ್ ಪಿಯಾನೊನೇ ಮೇಲು. ಕೀಗಳ ಮೇಲಿನ ಮುಚ್ಚಳ ಧಡಾರನೆ ಬೀಳುವಂಥದ್ದಾಗಿದ್ದರೆ ಮೊದಲು ಅದನ್ನು ಸರಿ ಮಾಡಿಸಿ. ಪುಟ್ಟ ಬೆರಳಿಗೆ ಅದು ನಿಜವಾದ ಅಪಾಯ.

ಯಾವ ವಾದ್ಯವೇ ಇರಲಿ, ಕೂರುವ ಎತ್ತರ ಸರಿ ಮಾಡಿ. ಮೊಣಕೈ ಕೀಗಳ ಮಟ್ಟಕ್ಕೆ ಬರಬೇಕು, ಪಾದಗಳು ಯಾವುದಾದರೂ ಗಟ್ಟಿ ಪೆಟ್ಟಿಗೆಯ ಮೇಲೆ ಊರಿರಬೇಕು. ಕಾಲು ತೂಗಾಡುತ್ತಿದ್ದರೆ ಮಗು ಬೀಳದಿರಲು ಸೊಂಟ, ಬೆನ್ನು, ಭುಜ ಬಿಗಿ ಹಿಡಿಯುತ್ತದೆ. ಆ ಬಿಗಿ ನೇರವಾಗಿ ಬೆರಳಿಗೆ ಬರುತ್ತದೆ. ಎಷ್ಟೋ ಮಕ್ಕಳ 'ಕೆಟ್ಟ ಕೈ' ಕಾಲಿಗೆ ಆಸರೆ ಕೊಟ್ಟ ದಿನವೇ ಅರ್ಧ ಸರಿಹೋಗುತ್ತದೆ.

ಕ್ರಮ: ಕೇಳಿಸಿ ಕಲಿಸುವುದಾ, ಹಾಡಿಸಿಯಾ, ಓದಿಸಿಯಾ, ಬಣ್ಣ ಹಚ್ಚಿಯಾ

ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವ ಆಯ್ಕೆ ಇದು. ವಾದ್ಯವನ್ನು ಆಮೇಲೆ ಬದಲಿಸಬಹುದು. ಮೊದಲ ವರ್ಷ ಕೂತ ಅಭ್ಯಾಸವನ್ನು ಬದಲಿಸುವುದು ಅಷ್ಟು ಸುಲಭವಲ್ಲ.

ಕೇಳಿಸಿ ಕಲಿಸುವ ದಾರಿಯಲ್ಲಿ ದೊಡ್ಡ ಹೆಸರು ಜಪಾನಿನ ಪಿಟೀಲು ಕಲಾವಿದ ಶಿನಿಚಿ ಸುಜುಕಿ (1898–1998) ಅವರದ್ದು. ಮಕ್ಕಳು ತಾಯ್ನುಡಿಯನ್ನು ಕೇಳಿ ಕೇಳಿ ಮಾತಾಡುತ್ತಾರೆ, ಓದಲು ಕಲಿಯುವುದು ಅದಾದ ಎಷ್ಟೋ ಕಾಲದ ಮೇಲೆ. ಸಂಗೀತವೂ ಹಾಗೇ ಬರಲಿ ಅನ್ನುವುದು ಅವರ ಯೋಚನೆ. ಪಿಟೀಲಿಗಾಗಿ ಹುಟ್ಟಿದ ಕ್ರಮ ಆಮೇಲೆ ಪಿಯಾನೊಗೂ ಬಂತು. ಕಲಿಯಬೇಕಾದ ಹಾಡುಗಳ ರೆಕಾರ್ಡಿಂಗ್ ಮನೆಯಲ್ಲಿ ದಿನವೂ ಕೇಳುತ್ತಿರುತ್ತದೆ. ಅಪ್ಪನೋ ಅಮ್ಮನೋ ಪಾಠಕ್ಕೆ ಜೊತೆಯಲ್ಲಿ ಕೂರುತ್ತಾರೆ, ಮನೆಯಲ್ಲಿ ಅವರೇ ಅಭ್ಯಾಸ ಮಾಡಿಸುತ್ತಾರೆ. ಓದುವುದು ತಡವಾಗಿ. ಈ ದಾರಿಯಲ್ಲಿ ಬಂದ ಮಕ್ಕಳ ಕಿವಿ, ನೆನಪು, ಸದ್ದಿನ ಚಂದ ಮೂರೂ ಚೆನ್ನಾಗಿರುತ್ತವೆ. ಆದರೆ ದೊಡ್ಡವರ ಸಮಯ ಬಹಳ ಬೇಕು, ಅದೂ ದಿನಾ ಬೇಕು. ಮಗು ನಿಮ್ಮ ಬೆರಳನ್ನು ನೋಡಿ ನಕಲು ಮಾಡುತ್ತಾ ಕೂತರೆ ಕಿವಿಯ ಪಾಠ ಕಣ್ಣಿನ ಪಾಠವಾಗಿಬಿಡುತ್ತದೆ. ಆಗಾಗ ನಿಮ್ಮ ಕೈಯನ್ನು ಒಂದು ಪುಸ್ತಕದಿಂದ ಮರೆ ಮಾಡಿ ನುಡಿಸಿ, ಮಗು ಕೇಳಿಯೇ ಹುಡುಕಲಿ. ಓದುವುದನ್ನು ಎಂಟು ವರ್ಷದ ತನಕ ಎಳೆಯಲೂಬೇಡಿ. ಕಿವಿಯಿಂದ ದೊಡ್ಡ ಹಾಡು ನುಡಿಸುವ ಮಗುವಿಗೆ ಆಮೇಲೆ ಎರಡು ಸಾಲಿನ ಪುಟ್ಟ ಪಾಠ ಓದುವುದು ಬೇಜಾರು ತರಿಸುತ್ತದೆ.

ಹಾಡಿಸಿ ಕಲಿಸುವ ದಾರಿ ಹಂಗೇರಿಯ ಸಂಗೀತಗಾರ ಜೊಲ್ತಾನ್ ಕೊಡಾಯ್ (1882–1967) ಅವರ ಚಿಂತನೆಯಿಂದ ಬೆಳೆದದ್ದು. ಇಲ್ಲಿ ಮೊದಲ ವಾದ್ಯ ಗಂಟಲು. ನಮ್ಮ ಸ ರಿ ಗ ಇದ್ದ ಹಾಗಿನ ಡೊ ರೆ ಮಿ ಹಾಡುತ್ತಾ ಒಂದೊಂದು ಸ್ವರಕ್ಕೂ ಒಂದೊಂದು ಕೈಸನ್ನೆ. ಉದ್ದ ಹೊಡೆತಕ್ಕೆ 'ತಾ', ಅದರ ಅರ್ಧದ ಎರಡಕ್ಕೆ 'ತಿ-ತಿ'. ಡೊ ಒಂದೇ ಕೀಗೆ ಅಂಟಿಕೊಂಡಿರುವುದಿಲ್ಲ, ಷಡ್ಜ ಹಾಡುವವರ ಶ್ರುತಿಗೆ ತಕ್ಕಂತೆ ಜಾಗ ಬದಲಿಸುವ ಹಾಗೆ ಡೊ ಕೂಡ ಬದಲಿಸುತ್ತದೆ. ಶುರು ಮಾಡುವುದು ಎರಡೇ ಸ್ವರದಿಂದ, ಸೊ ಮತ್ತು ಮಿ. ದೂರದಿಂದ ಯಾರನ್ನಾದರೂ ಕರೆಯುವಾಗ ಮಕ್ಕಳ ದನಿ ತಾನಾಗಿ ಇಳಿಯುವ ಇಳಿತ ಅದು. ಪಿಯಾನೊದಲ್ಲಿ ಬೇಕಾದರೆ ಜಿ ಆಮೇಲೆ ಇ ಒತ್ತಿ, ಅದೇ.

ಪಿಯಾನೊ ಬಾರದ ಅಪ್ಪ ಅಮ್ಮನಿಗೆ ನಾನು ಮೊದಲು ಹೇಳುವುದು ಈ ದಾರಿಯನ್ನೇ. ಇದಕ್ಕೆ ನೀವು ನುಡಿಸಬೇಕಿಲ್ಲ, ಹಾಡಿದರೆ ಸಾಕು. ದನಿ ಚೆನ್ನಾಗಿರಬೇಕು ಅಂತೇನೂ ಇಲ್ಲ. ಮೂರು ವರ್ಷದ ಮಗುವಿಗೂ ಆಗುತ್ತದೆ. ಇದು ಬೆರಳಿಗೆ ಏನೂ ಕಲಿಸುವುದಿಲ್ಲ ಅನ್ನುವುದು ನಿಜ. ಆದರೆ ಹಾಡಲು ಬರುವ ಹಾಡನ್ನು ಕೀ ಮೇಲೆ ಹುಡುಕುವಾಗ ಮಗುವಿಗೆ ತಪ್ಪು ತಾನೇ ಕೇಳಿಸುತ್ತದೆ, ಯಾರೂ ತಿದ್ದಬೇಕಾಗುವುದಿಲ್ಲ. ಇದರ ಜೊತೆಗೆ ಸ್ವಿಟ್ಜರ್ಲೆಂಡಿನ ಎಮಿಲ್ ಜಾಕ್-ಡಾಲ್ಕ್ರೋಜ್ (1865–1950) ಹೇಳಿಕೊಟ್ಟ ಹಾಗೆ ಲಯವನ್ನು ಮೈಯಿಂದ ಕಲಿಸುವುದನ್ನೂ ಸೇರಿಸಿಕೊಳ್ಳಿ. ನೀವು ನಿಧಾನ ನುಡಿಸಿದರೆ ಮಗು ನಿಧಾನ ನಡೆಯಲಿ, ಬೇಗ ನುಡಿಸಿದರೆ ಓಡಲಿ, ನಿಲ್ಲಿಸಿದರೆ ನಿಲ್ಲಲಿ. ಕೂತು ಬೀಟ್ ಎಣಿಸುವುದಕ್ಕಿಂತ ಇದು ಎಷ್ಟೋ ಬೇಗ ನಾಟುತ್ತದೆ.

ಓದಿಸಿ ಕಲಿಸುವುದು ಹಳೆಯ, ಹೆಚ್ಚು ಬಳಕೆಯಲ್ಲಿರುವ ದಾರಿ. ಎರಡೂ ಹೆಬ್ಬೆರಳು ಮಿಡಲ್ ಸಿ ಮೇಲೆ, ಪುಸ್ತಕ ಎದುರಿಗೆ, ಒಂದೊಂದೇ ಸ್ವರ ಸೇರಿಸುತ್ತಾ ಹೋಗುವುದು. ಆರೇಳು ವರ್ಷದ ಮಗುವಿಗೆ ಇದು ಚೆನ್ನಾಗಿ ಒಗ್ಗುತ್ತದೆ. ನಾಲ್ಕು ವರ್ಷದ ಮಗುವಿಗೆ ಎರಡು ತೊಂದರೆ. ಕಣ್ಣಿನ ತೊಡಕು ಆಗಲೇ ಹೇಳಿದೆ. ಇನ್ನೊಂದು ಮೈಯದ್ದು. ಎರಡೂ ಕೈ ಹೊಟ್ಟೆಯ ಮುಂದೆ ಒಟ್ಟಿಗೆ ಬರುವುದರಿಂದ ಮೊಣಕೈ ಪಕ್ಕೆಗೆ ಅಂಟಿ ಮಣಿಕಟ್ಟು ಹೊರಕ್ಕೆ ತಿರುಗುತ್ತದೆ. ಓದಿಸಲೇಬೇಕು ಅನ್ನಿಸಿದರೆ ಗೆರೆ ಇಲ್ಲದ ನೊಟೇಷನ್‌ನಿಂದ ಶುರು ಮಾಡಿ. ಖಾಲಿ ಕಾಗದದ ಮೇಲೆ ಕಪ್ಪು ಚುಕ್ಕೆಗಳು, ಸ್ವರ ಏರಿದರೆ ಚುಕ್ಕೆ ಮೇಲೆ, ಇಳಿದರೆ ಕೆಳಗೆ. ಮಗುವೇ ಬರೆಯಲಿ. ಹಾಡಿನ ಆಕಾರ ಕಣ್ಣಿಗೆ ಕಂಡರೆ ಸದ್ಯಕ್ಕೆ ಸಾಕು.

ಇನ್ನು ಬಣ್ಣದ ಸ್ಟಿಕರ್. ಕೀಗಳ ಮೇಲೆ ಕೆಂಪು, ಹಳದಿ, ನೀಲಿ, ಪುಸ್ತಕದಲ್ಲೂ ಅದೇ ಬಣ್ಣ. ಮೊದಲ ದಿನವೇ ಮಗು ಒಂದು ಹಾಡು ನುಡಿಸಿಬಿಡುತ್ತದೆ, ಮನೆಯವರಿಗೆಲ್ಲ ಖುಷಿ. ಅದಕ್ಕೇ ಇದು ಇಷ್ಟು ಜನಪ್ರಿಯ. ಆದರೆ ಮಗು ಆಗ ಮಾಡುತ್ತಿರುವುದು ಬಣ್ಣಕ್ಕೆ ಬಣ್ಣ ಹೊಂದಿಸುವುದನ್ನು. ಕಿವಿಗೆ ಕೆಲಸವೇ ಇಲ್ಲ. ಸ್ಟಿಕರ್ ತೆಗೆದ ದಿನ ಗೊತ್ತಿದ್ದ ಹಾಡೂ ಕೈಗೆ ಸಿಗುವುದಿಲ್ಲ. ಬೆರಳಿನ ಸಂಖ್ಯೆಗಳಲ್ಲೂ ಇಂಥದ್ದೇ ಒಂದು ಬಲೆ ಇದೆ. ಹೆಬ್ಬೆರಳು 1, ಕಿರುಬೆರಳು 5 ಅಂತ ಕಲಿಸುವುದು ಬೇಕೇ ಬೇಕು. ಆದರೆ ಒಂದೇ ಜಾಗದಲ್ಲಿ ಕೈ ಇಟ್ಟು ಸಂಖ್ಯೆ ನೋಡಿಯೇ ನುಡಿಸಿದರೆ '1 ಅಂದರೆ ಸಿ' ಅಂತ ಮಗು ತಿಳಿಯುತ್ತದೆ. ಕೈ ಪಕ್ಕಕ್ಕೆ ಸರಿದರೆ ಎಲ್ಲ ಕಲಸಿಹೋಗುತ್ತದೆ. ಎಲ್ಲ ಕೀಗೂ ಸ್ಟಿಕರ್ ಹಚ್ಚುವುದು ಬೇಡ ಅಂತಲೇ ನನ್ನ ಸಲಹೆ. ಗುರುತು ಬೇಕೇ ಬೇಕಾದರೆ ಮಿಡಲ್ ಸಿ ಹಿಂದೆ ಒಂದು ಪುಟ್ಟ ಬೊಂಬೆ ಕೂರಿಸಿ. ಮಗುವೇ ಕೂರಿಸಲಿ, ಮಗುವೇ ಎತ್ತಿಡಲಿ.

ನಾಲ್ಕರಲ್ಲಿ ಒಂದೇ ಆರಿಸಬೇಕಿಲ್ಲ. ಹಾಡಿಸುವುದು ಬುನಾದಿ, ಅದರ ಮೇಲೆ ಕೇಳಿಸಿ ನುಡಿಸುವುದು, ಐದೂವರೆ ಆರರ ಹೊತ್ತಿಗೆ ಚುಕ್ಕೆ ನೊಟೇಷನ್‌ನಿಂದ ನಿಧಾನಕ್ಕೆ ಐದು ಗೆರೆಗೆ. ನಾನು ಆರಿಸುವ ಕ್ರಮ ಇದು.

ಶುರು ಬಿಳಿ ಕೀಯಿಂದಲಾ, ಕಪ್ಪು ಕೀಯಿಂದಲಾ?

ಕಪ್ಪು ಕೀಯಿಂದ. ಬಿಳಿ ಕೀಗಳು ಮಗುವಿನ ಕಣ್ಣಿಗೆ ಎಲ್ಲ ಒಂದೇ ಥರ. ಕಪ್ಪು ಕೀಗಳು ಎರಡು, ಮೂರು, ಎರಡು, ಮೂರು ಅಂತ ಗುಂಪಾಗಿ ನಿಂತಿವೆ. 61 ಕೀಯಲ್ಲಿ ಎರಡರ ಗುಂಪು ಐದು, ಮೂರರ ಗುಂಪು ಐದು. ಮೊದಲ ವಾರ ಎರಡರ ಗುಂಪನ್ನೆಲ್ಲ ಎಡದಿಂದ ಬಲಕ್ಕೆ ಹುಡುಕುವುದೇ ಆಟ. ಕೆಳಗಿನದ್ದು ದಪ್ಪ ದನಿ, ಮೇಲಿನದ್ದು ತೆಳು ದನಿ ಅನ್ನುವುದು ಆಗಲೇ ಕಿವಿಗೆ ಬೀಳುತ್ತದೆ. ಬಲಕ್ಕೆ ಹೋದರೆ ಏರುತ್ತದೆ ಅನ್ನುವುದೂ ಹೇಳದೆಯೇ ಗೊತ್ತಾಗುತ್ತದೆ.

ಕೈಗೂ ಇದು ಒಳ್ಳೆಯದು. ಉದ್ದ ಬೆರಳುಗಳು ಎತ್ತರದ ಕಪ್ಪು ಕೀ ಮೇಲೆ ಕೂತರೆ ಕೈ ತಾನಾಗಿ ಕಮಾನಾಗುತ್ತದೆ. ಹತ್ತೊಂಬತ್ತನೇ ಶತಮಾನದ ಪಿಯಾನೊ ಸಂಗೀತಗಾರ ಶೋಪ್ಯಾನ್ ತನ್ನ ಶಿಷ್ಯರಿಗೆ ಕೈಯ ಭಂಗಿ ತೋರಿಸುತ್ತಿದ್ದುದು ಹೀಗೆಯೇ: ಬಲಗೈ ಹೆಬ್ಬೆರಳು ಇ ಮೇಲೆ, ಕಿರುಬೆರಳು ಬಿ ಮೇಲೆ, ನಡುವಿನ ಮೂರು ಬೆರಳು ಮೂರು ಕಪ್ಪು ಕೀ ಮೇಲೆ. ನಾಲ್ಕು ವರ್ಷದ ಮಗುವಿಗೆ ಅಷ್ಟೂ ಬೇಡ. ನಡುಬೆರಳು ಒಂದರಿಂದಲೇ ಶುರು ಮಾಡಲಿ, ಹೆಬ್ಬೆರಳ ತುದಿ ಅದಕ್ಕೆ ಆತುಕೊಂಡಿರಲಿ. ಗೆಣ್ಣು ಕುಸಿಯುವುದು ಇದರಿಂದ ಬಹಳ ಕಡಿಮೆಯಾಗುತ್ತದೆ.

ಕಪ್ಪು ಕೀಯ ಐದು ಸ್ವರಗಳನ್ನು ಯಾವ ಕ್ರಮದಲ್ಲಿ ನುಡಿಸಿದರೂ ಕಿವಿಗೆ ಇಂಪಾಗಿರುತ್ತವೆ. ನೀವು ಎಡಗಡೆ ಕೂತು ಮೂರರ ಗುಂಪಿನ ಮೊದಲ ಕಪ್ಪು ಕೀ, ಅದರ ಮೇಲೆ ಬರುವ ಎರಡರ ಗುಂಪಿನ ಮೊದಲ ಕಪ್ಪು ಕೀ, ಇವೆರಡನ್ನೇ ನಿಧಾನಕ್ಕೆ ಒಟ್ಟಿಗೆ ಬಾರಿಸುತ್ತಿರಿ. ಮಗು ಬಲಗಡೆ ಯಾವ ಕಪ್ಪು ಕೀ ಬೇಕಾದರೂ ಒತ್ತಲಿ. ತಪ್ಪು ಅನ್ನುವುದೇ ಇಲ್ಲದ ಆಟ ಇದು. ಪಿಯಾನೊ ಬಾರದ ಅಪ್ಪ ಅಮ್ಮನೂ ಆಡಬಹುದು. ಮಗು ತನ್ನದೇ ಹಾಡು ಕಟ್ಟುವುದನ್ನು ನೀವು ಕೇಳುವುದು ಇಲ್ಲೇ.

ಹಾಡು ಆರಿಸುವಾಗ ಒಂದು ಮಾತು. ಮೊದಲ ಹಾಡು ಅಂದರೆ ಟ್ವಿಂಕಲ್ ಟ್ವಿಂಕಲ್ ಅಂತಲೇ ಎಲ್ಲರ ಲೆಕ್ಕ. ಆದರೆ ಅದಕ್ಕೆ ಆರು ಸ್ವರ ಬೇಕು, ಕೈಯಲ್ಲಿರುವುದು ಐದು ಬೆರಳು. ಎರಡನೇ ಪದಕ್ಕೇ ಐದು ಸ್ವರದ ಜಿಗಿತ, ಮೂರನೆಯದಕ್ಕೆ ಕೈ ಸರಿಸಲೇಬೇಕು. ಅದನ್ನು ಹಾಡಲಿ. ನುಡಿಸಲು ಮೂರು ಸ್ವರದೊಳಗಿನ ಹಾಡು ಹುಡುಕಿ ಕೊಡಿ, ಮೂರರ ಗುಂಪಿನ ಕಪ್ಪು ಕೀಗಳಲ್ಲೇ ಮುಗಿಯುವಂಥದ್ದು.

ಪಕ್ಕದಲ್ಲಿ ಕೂರುವವರು ಯಾರು

ನುಡಿಸಲು ಬರುವ ಅಪ್ಪ ಅಮ್ಮ ಕಲಿಸಿದರೆ ಮಗುವಿಗೆ ದಿನವೂ ಸಂಗೀತ ಸಿಗುತ್ತದೆ. ಅವರಿಗೆ ಕಷ್ಟವಾಗುವುದು ಸುಮ್ಮನಿರುವುದು. ತಪ್ಪು ಕೇಳಿದ ಕೂಡಲೇ ತಿದ್ದಲು ಕೈ ಹೋಗುತ್ತದೆ. ಒಂದು ಸಲ ಕೂತಾಗ ಒಂದೇ ವಿಷಯ ತಿದ್ದುವುದು ಅಂತ ಇಟ್ಟುಕೊಳ್ಳಿ.

ನುಡಿಸಲು ಬಾರದವರು ಮಗುವಿಗಿಂತ ನಾಲ್ಕು ಹೆಜ್ಜೆ ಮುಂದಿದ್ದರೆ ಮೊದಲ ಕೆಲವು ತಿಂಗಳು ಧಾರಾಳವಾಗಿ ಸಾಕು. ಕಲಿಸುವ ವಿಡಿಯೊಗಳನ್ನು ರಾತ್ರಿ ನೀವು ನೋಡಿ ಕಲಿಯಿರಿ, ಬೆಳಗ್ಗೆ ಮಗುವಿನ ಜೊತೆ ಆಡಿ. ವಿಡಿಯೊ ದೊಡ್ಡವರಿಗಿರಲಿ, ಮಗುವಿಗೆ ನೀವಿರಿ.

ಆ್ಯಪ್‌ಗಳ ವಿಷಯಕ್ಕೆ ಬಂದರೆ, ಅವು ಸರಿಯಾದ ಸ್ವರ ಸರಿಯಾದ ಹೊತ್ತಿಗೆ ಬಂತಾ ಅಂತ ಮೈಕಿನಿಂದಲೋ ಕೇಬಲ್‌ನಿಂದಲೋ ತಿಳಿದು ಅಂಕ ಕೊಡುತ್ತವೆ. ಓದಲು ಬರುವ ಎಂಟು ಹತ್ತು ವರ್ಷದ ಮಕ್ಕಳಿಗೆ ಅಭ್ಯಾಸಕ್ಕೆ ಒಳ್ಳೆಯ ಜೊತೆ. ನಾಲ್ಕು ವರ್ಷದ ಮಗುವಿನ ಭುಜ ಬಿಗಿಯಾಗಿದೆಯಾ, ಮಣಿಕಟ್ಟು ಕುಸಿದಿದೆಯಾ, ಮುಖ ಬಾಡಿದೆಯಾ, ಇದ್ಯಾವುದೂ ಆ್ಯಪ್‌ಗೆ ಕಾಣುವುದಿಲ್ಲ. ಮಗುವಿನ ಕಣ್ಣು ಪರದೆಯ ಮೇಲೆ, ಮನಸ್ಸು ಅಂಕದ ಮೇಲೆ. 2ರಿಂದ 4 ವರ್ಷದ ಮಕ್ಕಳಿಗೆ ಕೂತು ಪರದೆ ನೋಡುವ ಹೊತ್ತು ದಿನಕ್ಕೆ 1 ಗಂಟೆ ಮೀರಬಾರದು, ಕಡಿಮೆ ಆದಷ್ಟೂ ಒಳ್ಳೆಯದು ಅಂತ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ. ಆ ಸ್ವಲ್ಪ ಹೊತ್ತನ್ನು ಪಿಯಾನೊಗೆ ಖರ್ಚು ಮಾಡುವ ಅಗತ್ಯವೇ ಇಲ್ಲ.

ಆನ್‌ಲೈನ್‌ನಲ್ಲಿ ನೇರ ಪಾಠ ಆ್ಯಪ್‌ಗಿಂತ ಎಷ್ಟೋ ಮೇಲು. ಸದ್ದು ತಲುಪಲು ಚೂರು ತಡವಾಗುವುದರಿಂದ ಶಿಕ್ಷಕರೂ ಮಗುವೂ ಒಟ್ಟಿಗೆ ನುಡಿಸಲು ಆಗುವುದಿಲ್ಲ, ಆ ಒಟ್ಟಿಗೆ ನುಡಿಸುವ ಕೆಲಸ ನಿಮ್ಮದು. ಕ್ಯಾಮೆರಾ ಮುಂದೆ ಇಡದೆ ಪಕ್ಕದಲ್ಲಿ, ಕೈಯ ಮಟ್ಟದಲ್ಲಿ ಇಡಿ.

ಮನೆಗೆ ಶಿಕ್ಷಕರು ಬರುವುದಾದರೆ ಅವರ ಸರ್ಟಿಫಿಕೇಟಿಗಿಂತ ಮೊದಲು ಮೂರು ಪ್ರಶ್ನೆ ಕೇಳಿ. ಮಗುವಿನ ಜೊತೆ ಹಾಡುತ್ತೀರಾ? ಪಾಠದ ಹೊತ್ತಿನಲ್ಲಿ ನಾನು ಕೂರಬಹುದಾ? ಮೊದಲ ತಿಂಗಳು ಪುಸ್ತಕ ತೆರೆಯದೆ ಏನು ಮಾಡಿಸುತ್ತೀರಿ? ಮೂರನೆಯದಕ್ಕೆ ಅವರ ಬಳಿ ಥಟ್ಟನೆ ನಾಲ್ಕಾರು ಆಟಗಳು ಬಂದರೆ ಪುಟ್ಟ ಮಕ್ಕಳ ಜೊತೆ ಪಳಗಿದವರು ಅಂತ ತಿಳಿಯಿರಿ. ದೊಡ್ಡ ಮಕ್ಕಳಿಗೆ ತುಂಬಾ ಚೆನ್ನಾಗಿ ಕಲಿಸುವವರು ನಾಲ್ಕು ವರ್ಷದವರಿಗೂ ಹಾಗೇ ಕಲಿಸುತ್ತಾರೆ ಅಂತ ಹೇಳಲಾಗದು.

ಎಷ್ಟು ಹೊತ್ತು, ಯಾವಾಗ

ವಾರಕ್ಕೆ ಒಂದು ದಿನ ಅರ್ಧ ಗಂಟೆಗಿಂತ ದಿನಾ ಐದು ನಿಮಿಷ ಮೇಲು. ಬೆಳಗ್ಗೆ ಐದು, ಸಂಜೆ ಐದು ಆದರೆ ಇನ್ನೂ ಒಳ್ಳೆಯದು. ಐದು ವರ್ಷದ ಮಗು ಹತ್ತು ಹದಿನೈದು ನಿಮಿಷ ಕೂರಬಹುದು. ಮಗು ಇನ್ನೂ ಬೇಕು ಅನ್ನುವಾಗಲೇ ನಿಲ್ಲಿಸಿ. ಗಡಿಯಾರಕ್ಕಿಂತ ದಿನದ ಯಾವುದಾದರೂ ಕೆಲಸಕ್ಕೆ ಜೋಡಿಸಿದರೆ ತಪ್ಪುವುದಿಲ್ಲ, ಉದಾಹರಣೆಗೆ ಹಲ್ಲುಜ್ಜಿದ ಮೇಲೆ. ವಾದ್ಯ ಒಳಕೋಣೆಯಲ್ಲಿ ಬಟ್ಟೆ ಹೊದ್ದು ಕೂರಬಾರದು. ಮನೆಯವರು ಓಡಾಡುವ ಕಡೆ ತೆರೆದೇ ಇರಲಿ. ದಾರಿಯಲ್ಲಿ ಹೋಗುತ್ತಾ ಮಗು ಒತ್ತಿ ನೋಡುವ ಎರಡು ನಿಮಿಷವೂ ಅಭ್ಯಾಸವೇ.

ಬುದ್ಧಿ ಚುರುಕಾಗಲಿ ಅಂತ ಪಿಯಾನೊ ಕಲಿಸುವವರಿಗೆ ಒಂದು ವಿಷಯ ಹೇಳಬೇಕು. ಮೊಜಾರ್ಟ್ ಕೇಳಿದರೆ ಬುದ್ಧಿ ಬೆಳೆಯುತ್ತದೆ ಅನ್ನುವ ಮಾತು ಹುಟ್ಟಿದ್ದು 1993ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಬಂದ ಒಂದು ಪುಟ್ಟ ವರದಿಯಿಂದ. ಅದರಲ್ಲಿದ್ದವರು ಕಾಲೇಜು ವಿದ್ಯಾರ್ಥಿಗಳು. 10 ನಿಮಿಷ ಕೇಳಿದ ಮೇಲೆ ಒಂದು ಬಗೆಯ ಆಕಾರ-ಜೋಡಣೆಯ ಪ್ರಶ್ನೆಗಳಲ್ಲಿ ಸ್ವಲ್ಪ ಸುಧಾರಣೆ ಕಂಡಿತು, ಅದೂ ಹದಿನೈದು ನಿಮಿಷದೊಳಗೆ ಇಳಿದುಹೋಯಿತು. ಪುಟ್ಟ ಮಕ್ಕಳ ಮಾತೇ ಅಲ್ಲಿರಲಿಲ್ಲ. ಬುದ್ಧಿಯ ಆಸೆಗೆ ಕಲಿಸಲು ಹೊರಟರೆ ಬೇಗ ಫಲ ತೋರಿಸುವ ದಾರಿಯೇ ಕಣ್ಣಿಗೆ ಬೀಳುತ್ತದೆ, ಅಂದರೆ ಸ್ಟಿಕರ್ ಮತ್ತು ಅಂಕ. ಸಂಗೀತ ಬರಲಿ ಅಂತ ಕಲಿಸಿ. ಅದೇನು ಸಣ್ಣ ವಿಷಯವೇ?

ವಯಸ್ಸಿಗೆ ತಕ್ಕಂತೆ

ಮೂರು ವರ್ಷವಾದರೆ ವಾದ್ಯ ಕೊಳ್ಳುವ ಅವಸರ ಬೇಡ. ಹಾಡು, ಚಪ್ಪಾಳೆ, ನಡಿಗೆ ಸಾಕು. ಮನೆಯಲ್ಲಿ ವಾದ್ಯ ಇದ್ದರೆ ಕಪ್ಪು ಕೀ ಆಟ. ನಾಲ್ಕಾದರೆ 61 ಕೀ, ಟಚ್ ಸೆನ್ಸಿಟಿವ್, ಕೇಳಿ ನುಡಿಸುವುದು, ಪಕ್ಕದಲ್ಲಿ ನೀವು. ಐದಾದರೆ ವಾರಕ್ಕೊಮ್ಮೆ ಶಿಕ್ಷಕರನ್ನು ಸೇರಿಸಿಕೊಳ್ಳಬಹುದು, ಚುಕ್ಕೆ ನೊಟೇಷನ್ ಶುರು ಮಾಡಬಹುದು. ಕರೆದಾಗಲೆಲ್ಲ ಮಗು ಓಡಿಹೋಗುತ್ತಿದ್ದರೆ, ಅಥವಾ ಕೂತ ಕೂಡಲೇ ಭುಜ ಬಿಗಿ ಹಿಡಿಯುತ್ತಿದ್ದರೆ, ಎರಡು ಮೂರು ತಿಂಗಳು ಕೂರಿಸುವುದನ್ನು ನಿಲ್ಲಿಸಿ ಹಾಡುವುದನ್ನು ಮಾತ್ರ ಮುಂದುವರಿಸಿ. ಆರು ವರ್ಷಕ್ಕೆ ಶುರು ಮಾಡಿದ ಮಕ್ಕಳೂ ಎಲ್ಲರಷ್ಟೇ ಚೆನ್ನಾಗಿ ನುಡಿಸುತ್ತಾರೆ.

61 ಕೀಯಿಂದ 88 ಕೀಗೆ ಯಾವಾಗ ಹೋಗಬೇಕು ಅನ್ನುವುದನ್ನು ವಯಸ್ಸಿನಿಂದ ಹೇಳಲಾಗದು. ಎರಡು ಕೈ ಒಟ್ಟಿಗೆ ನುಡಿಸಲು ಬಂದು, ಒಂದು ಕೈ ಮೆಲ್ಲಗೆ ಇನ್ನೊಂದು ಕೈ ಜೋರಾಗಿ ಬರಲಿ ಅಂತ ಮಗು ಪ್ರಯತ್ನಿಸುತ್ತಿದ್ದರೆ, ಆ ಹೊತ್ತಿಗೆ ಸ್ಪ್ರಿಂಗ್ ಕೀ ಸಾಲುವುದಿಲ್ಲ. ಆಗ ತೂಕದ ಕೀ ಇರುವ ವಾದ್ಯ ನೋಡಲು ಹೊರಡಿ, ಮಗುವನ್ನೂ ಕರೆದುಕೊಂಡು ಹೋಗಿ, ಎರಡು ಮೂರರ ಮೇಲೆ ಒಂದೇ ಹಾಡು ನುಡಿಸಲು ಹೇಳಿ, ಯಾವುದರ ದನಿ ಇಷ್ಟವಾಯಿತು ಅಂತ ಮೊದಲು ಮಗುವನ್ನೇ ಕೇಳಿ.